ತಕರಾರಿಲ್ಲ ಎಂದು ಬರೆದುಕೊಂಡಿದ್ದು

ನಗರ ಯೋಜನೆಯ ಕೆಲಸದಿಂದ ನಾನು ನಿವೃತ್ತಳಾಗಿ ನಾಲ್ಕು ವರ್ಷವಾಯಿತು. ಈಗ ಹೇಳಹೊರಟಿರುವುದು ಅದಕ್ಕೂ ಎಂಟು ವರ್ಷ ಹಿಂದಿನ ಸಂಗತಿ. ಆಗ ನಾನು ಚಿತ್ರದುರ್ಗ ಜಿಲ್ಲೆಯ ಒಂದು ತಾಲ್ಲೂಕು ಪಟ್ಟಣದ ಮಾಸ್ಟರ್ ಪ್ಲಾನ್ ತಯಾರಿಸುವ ಕಚೇರಿಯಲ್ಲಿ ಸಹಾಯಕ ನಿರ್ದೇಶಕಿಯಾಗಿದ್ದೆ. ಊರಿನ ಹೆಸರು ಬರೆಯುವುದಿಲ್ಲ. ಹಿರಿಯೂರೋ, ಹೊಸದುರ್ಗವೋ, ಹೊಳಲ್ಕೆರೆಯೋ ಎಂದು ಓದುವವರು ತಲೆ ಕೆಡಿಸಿಕೊಳ್ಳುವುದೂ ಬೇಡ. ತಪ್ಪು ಊರಿನದಲ್ಲ, ನನ್ನದು.

ಮಾಸ್ಟರ್ ಪ್ಲಾನ್ ಎಂದರೆ ದೊಡ್ಡ ಗುಟ್ಟು ಎಂದು ಅನೇಕರು ತಿಳಿದಿರುತ್ತಾರೆ. ಗುಟ್ಟೇನೂ ಇಲ್ಲ. ಮುಂದಿನ ಹತ್ತಿಪ್ಪತ್ತು ವರ್ಷದಲ್ಲಿ ಊರು ಎತ್ತ ಬೆಳೆಯುತ್ತದೆ, ಬರುವ ಜನ ಎಲ್ಲಿ ಮನೆ ಕಟ್ಟಬೇಕು, ಅಂಗಡಿ ಸಾಲು ಎಲ್ಲಿ, ಕಾರ್ಖಾನೆ ಎಲ್ಲಿ, ರಸ್ತೆ ಎಷ್ಟು ಅಗಲ, ಮಕ್ಕಳು ಆಡುವುದಕ್ಕೆ ಜಾಗ ಎಲ್ಲಿ ಎಂದು ಮೊದಲೇ ಕುಳಿತು ಯೋಚಿಸಿ ನಕ್ಷೆಯಲ್ಲಿ ಬರೆದಿಡುವುದು, ಅಷ್ಟೆ. ಬರೆಯದೆ ಬಿಟ್ಟರೆ ಏನಾಗುತ್ತದೆಂದು ನಮ್ಮ ಯಾವ ಬಸ್ ಸ್ಟ್ಯಾಂಡಿನ ಹಿಂದಿನ ಬೀದಿಗೆ ಹೋದರೂ ಗೊತ್ತಾಗುತ್ತದೆ. ಎದುರಿನಿಂದ ಒಂದು ಆಟೊ ಬಂದರೆ ನಾವು ಯಾರದಾದರೂ ಜಗಲಿ ಹತ್ತಿ ನಿಲ್ಲಬೇಕು.

ಮೊದಲ ಹೆಜ್ಜೆ ಭೂಬಳಕೆ ಸರ್ವೆ. ಈಗ ಯಾವ ನೆಲ ಯಾವುದಕ್ಕೆ ಉಪಯೋಗವಾಗುತ್ತಿದೆ ಎಂದು ಒಂದೊಂದು ತುಂಡನ್ನೂ ನೋಡಿ ಗುರುತು ಹಾಕುವುದು. ಆಮೇಲೆ ಜನಸಂಖ್ಯೆಯ ಅಂದಾಜು, ರಸ್ತೆಗಳು, ಕೊನೆಗೆ ಬಣ್ಣ. ವಸತಿಗೆ ಹಳದಿ, ವ್ಯಾಪಾರಕ್ಕೆ ನೀಲಿ, ಕೈಗಾರಿಕೆಗೆ ನೇರಳೆ, ಶಾಲೆ ಆಸ್ಪತ್ರೆ ಕಚೇರಿಗಳಿಗೆ ಕೆಂಪು, ಉದ್ಯಾನ ಮತ್ತು ಆಟದ ಬಯಲಿಗೆ ಹಸಿರು. ಸರ್ಕಾರ ಒಪ್ಪಿತೆಂದರೆ ಈ ಬಣ್ಣವೇ ಕಾನೂನು. ಹಳದಿಯಲ್ಲಿ ಮನೆಗೆ ಲೈಸೆನ್ಸ್ ಸಿಗುತ್ತದೆ, ಹಸಿರಿನಲ್ಲಿ ಸಿಗುವುದಿಲ್ಲ. ಹೊಲ ನಿಮ್ಮದೇ ಇರಬಹುದು, ಪಹಣಿಯಲ್ಲಿ ನಿಮ್ಮಜ್ಜನ ಕಾಲದಿಂದ ನಿಮ್ಮದೇ ಹೆಸರಿರಬಹುದು. ಆದರೂ ಸಿಗುವುದಿಲ್ಲ.

ಬಣ್ಣದ ವಿಷಯದಲ್ಲಿ ನಾನು ವಿಪರೀತ ಕಟ್ಟುನಿಟ್ಟು. ಗೆರೆ ದಾಟಿ ಒಂದು ಚೂರು ಬಣ್ಣ ಚೆಲ್ಲಿದರೂ ಇಡೀ ಹಾಳೆಯನ್ನು ಮತ್ತೆ ತೆಗೆಸುತ್ತಿದ್ದೆ. ಕಚೇರಿಯಲ್ಲಿ ನನ್ನ ಬೆನ್ನ ಹಿಂದೆ ‘ಕಲರ್ ಮೇಡಂ’ ಎನ್ನುತ್ತಿದ್ದರು. ಗೊತ್ತಿತ್ತು. ಒಳಗೊಳಗೇ ಖುಷಿಯೂ ಆಗುತ್ತಿತ್ತು.

ಸರ್ವೆ ನಡೆದದ್ದು ಸಂಕ್ರಾಂತಿ ಕಳೆದ ಮೇಲೆ. ಸರ್ವೆಯರ್ ಮಂಜುನಾಥ ಚುರುಕಾದ ಹುಡುಗ, ಕೆಲಸದಲ್ಲಿ ಕಳ್ಳತನವಿಲ್ಲ. ಪಟ್ಟಣದ ಪೂರ್ವದ ಅಂಚಿನಲ್ಲಿದ್ದ ಒಂದು ತುಂಡಿಗೆ ಅವನು ‘ಖಾಲಿ’ ಎಂದು ಬರೆದಿದ್ದ. ಒಂದೆಕರೆ ಮೂವತ್ತು ಗುಂಟೆ. ನಾನೇ ಹೋಗಿ ನೋಡಿದೆ. ಕೆಂಪು ನೆಲ, ಕಿತ್ತುಹೋದ ಮುಳ್ಳಿನ ಬೇಲಿಯ ಒಂದು ದುಂಡು, ಒಂದು ಮೂಲೆಯಲ್ಲಿ ಬೀಗ ಹಾಕಿದ ತಗಡಿನ ಶೆಡ್ಡು, ಇನ್ನೊಂದು ಮೂಲೆಯಲ್ಲಿ ಒಂದಷ್ಟು ಕಲ್ಲು. ದಾರಿಯಲ್ಲಿ ಬೈಕ್ ಮೇಲೆ ಹೋಗುತ್ತಿದ್ದವರೊಬ್ಬರನ್ನು ನಿಲ್ಲಿಸಿ ಇಲ್ಲಿ ಯಾರಿದ್ದಾರೆ ಎಂದು ಕೇಳಿದೆ.

“ಯಾರೂ ಇಲ್ರಿ ಮೇಡಂ. ಖಾಲಿ ಐತೆ,” ಎಂದರು.

ಅವರು ಸುಳ್ಳು ಹೇಳಲಿಲ್ಲ. ರೊಪ್ಪ, ಅಂದರೆ ಕುರಿ ಕೂಡುವ ಮುಳ್ಳಿನ ಆವರಣ, ಆ ತಿಂಗಳಲ್ಲಿ ಖಾಲಿಯಿತ್ತು. ನಮ್ಮ ಕಡೆಯ ಕುರಿಯವರು ಸುಗ್ಗಿ ಮುಗಿಯುತ್ತಲೇ ಮಂದೆ ಹೊಡೆದುಕೊಂಡು ಭದ್ರಾ ಚಾನಲ್‌ಗಳ ಕಡೆ ನಡೆದುಬಿಡುತ್ತಾರೆ. ಅಲ್ಲಿ ಕೊಯ್ದ ಗದ್ದೆಗಳಲ್ಲಿ ಮೇವಿರುತ್ತದೆ, ಗೊಬ್ಬರಕ್ಕಾಗಿ ರೈತರೇ ಕರೆದು ಮಂದೆ ನಿಲ್ಲಿಸಿಕೊಳ್ಳುತ್ತಾರೆ. ಮುಂಗಾರಿಗೆ ವಾಪಸು ಬರುತ್ತಾರೆ. ಇದು ನನಗೆ ಗೊತ್ತಿಲ್ಲದ ವಿಷಯವೇ? ನಾನು ಹುಟ್ಟಿ ಬೆಳೆದದ್ದು ಹೊಳಲ್ಕೆರೆಯಲ್ಲಿ. ನಮ್ಮ ಮನೆಯ ಮುಂದೆಯೇ ಆ ಮಂದೆಗಳು ಹೋಗುತ್ತಿದ್ದವು. ಆದರೆ ಅವತ್ತು ನನ್ನ ಕೈಯಲ್ಲಿ ನಕ್ಷೆ ಇತ್ತು, ನಕ್ಷೆಯಲ್ಲಿ ಖಾಲಿ ಎಂದಿತ್ತು. ಯಾರ ಹೊಲ ಎಂದು ಪಹಣಿ ತೆಗೆಸಿ ನೋಡಲೂ ಇಲ್ಲ. ಯೋಜನೆ ಮಾಡುವಾಗ ಮಾಲೀಕರ ಹೆಸರು ನೋಡಬಾರದು, ನೋಡಿದರೆ ಪಕ್ಷಪಾತ ಬರುತ್ತದೆ ಎಂಬುದು ನಾನು ಹೆಮ್ಮೆಯಿಂದ ಪಾಲಿಸುತ್ತಿದ್ದ ನಿಯಮ.

ಆ ಪೂರ್ವದ ಭಾಗದಲ್ಲಿ ಒಂದೇ ಒಂದು ಉದ್ಯಾನವಿರಲಿಲ್ಲ. ಸುತ್ತ ಹೊಸ ಬಡಾವಣೆಗಳು ಏಳುತ್ತಿದ್ದವು. ಖಾಲಿ ಇದ್ದ ಆ ತುಂಡಿಗೆ ನಾನು ಹಸಿರು ಹಾಕಿಸಿದೆ. ಮುಂದೆ ಅಲ್ಲಿ ಹೊಂಗೆ ಮರದ ನೆರಳಲ್ಲಿ ಮುದುಕರು ಕೂತಿರುವುದನ್ನು ಮನಸ್ಸಿನಲ್ಲೇ ನೋಡಿ ಸಂತೋಷಪಟ್ಟೆ.

ಕರಡು ನಕ್ಷೆ ಸಿದ್ಧವಾದ ಮೇಲೆ ಅದನ್ನು ಜನರ ಮುಂದಿಡಬೇಕು. ಅರವತ್ತು ದಿನದೊಳಗೆ ಯಾರು ಬೇಕಾದರೂ ಆಕ್ಷೇಪಣೆ ಸಲ್ಲಿಸಬಹುದು. ಪತ್ರಿಕೆಯಲ್ಲಿ ಪ್ರಕಟಣೆ ಕೊಟ್ಟೆವು, ನಕ್ಷೆಯನ್ನು ಕಚೇರಿಯ ಹಜಾರದಲ್ಲಿ ತೂಗುಹಾಕಿದೆವು. ಲೇಔಟ್ ಮಾಡುವವರು ವಕೀಲರನ್ನು ಕರೆದುಕೊಂಡು ಬಂದರು. ಅಂಗಡಿಯವರು ಗುಂಪಾಗಿ ಬಂದರು. ಓದು ಬಂದವರೆಲ್ಲ ಹಾಳೆಗಟ್ಟಲೆ ಬರೆದು ತಂದರು. ಕೊನೆಯ ವಾರ ಕಚೇರಿ ಸಂತೆಯಂತಾಗಿತ್ತು.

ಅಂಥ ಒಂದು ಮಧ್ಯಾಹ್ನ ಸಾಲಿನಲ್ಲಿ ನಿಂತು ಒಬ್ಬ ಹೆಂಗಸು ನನ್ನ ಮೇಜಿನ ಹತ್ತಿರ ಬಂದಳು. ಐವತ್ತರ ಆಸುಪಾಸು. ಹೆಗಲ ಮೇಲೆ ಮಡಿಚಿದ ಕಂಬಳಿ, ಸೆರಗಿನ ತುದಿಯಲ್ಲಿ ಗಂಟು ಹಾಕಿದ ಯಾವುದೋ ಕಾಗದ. ಹೆಸರು ಸಿರಿಯಮ್ಮ ಎಂದಳು. ಪೂರ್ವದ ಅಂಚಿನ ಹೊಲ ತಮ್ಮದು, ಗಂಡ ಕ್ಯಾತಪ್ಪನ ಹೆಸರಿನಲ್ಲಿದೆ ಎಂದಳು. ಮಳೆ ಬಂದ ಮೇಲೆ ಮಂದೆ ಜೊತೆ ವಾಪಸು ಬಂದಿದ್ದರು. ಪಕ್ಕದ ಹೊಲದವರು ಸುದ್ದಿ ಹೇಳಿದ್ದರಂತೆ.

“ಅಮ್ಮಾರೆ, ನಮ್ಮ ಹೊಲಕ್ಕೆ ಹಸ್ರು ಬಡ್ದೀರಂತೆ?”

“ಹೌದಮ್ಮ.”

“ಹಸ್ರು ಅಂದ್ರೆ ಒಳ್ಳೇದೆ ಅಲ್ವ್ರಾ?”

“ಒಳ್ಳೆಯದೇ,” ಎಂದೆ. ಊರಿಗೆ ಒಳ್ಳೆಯದು ಎಂಬ ಅರ್ಥದಲ್ಲಿ ಹೇಳಿದೆ. ಊರಿಗೆ ಎನ್ನುವ ಪದವನ್ನು ಬಾಯಿಬಿಟ್ಟು ಹೇಳಲಿಲ್ಲ.

ಆಕೆಯ ಮುಖ ಅರಳಿತು. ನಾನು ನಿಯಮದ ಪ್ರಕಾರ ಕೇಳಿದೆ, ನಿಮ್ಮದು ಆಕ್ಷೇಪಣೆ ಏನಾದರೂ ಇದೆಯಾ ಎಂದು. ಆಕೆಗೆ ಆ ಪದ ತಿಳಿಯಲಿಲ್ಲ. ಪಕ್ಕದಲ್ಲಿದ್ದ ಗುಮಾಸ್ತ ರುದ್ರೇಶಪ್ಪ ತುರುವನೂರು ಕಡೆಯವರು, ಜನರ ಮಾತು ಬಲ್ಲವರು. ಸಹಾಯಕ್ಕೆ ಬಂದರು.

“ತಕರಾರು ಐತೇನಮ್ಮ ಅಂತ ಕೇಳ್ತಾ ಅವ್ರೆ.”

ಸಿರಿಯಮ್ಮ ಬೆಚ್ಚಿಬಿದ್ದಳು. “ಅಯ್ಯೋ, ಬಿಡ್ತು ಅನ್ರಿ! ನಾವು ತಕರಾರಿನ ಮಂದಿ ಅಲ್ಲ. ನಮ್ಮ ಮಾವನ ಕಾಲದಿಂದ ನಮ್ಮ ಮಂದೆ ಮ್ಯಾಲೆ ಒಂದು ತಕರಾರು ಬಂದಿಲ್ಲ, ಯಾರನ್ನ ಬೇಕಾರೂ ಕೇಳ್ರಿ.”

“ಹಾಗಾದರೆ ತಕರಾರಿಲ್ಲ ಅಂತ ಬರೆದುಕೊಳ್ಳಲಾ?”

“ಬರ್ಕಳ್ರಿ ತಾಯಿ. ಧಾರಾಳವಾಗಿ ಬರ್ಕಳ್ರಿ.”

‘ಖುದ್ದು ಹಾಜರಾಗಿ ತಕರಾರಿಲ್ಲ ಎಂದು ತಿಳಿಸಿದರು’ ಎಂದು ಬರೆದೆ. ಆಕೆ ನಾಲಿಗೆ ಕಚ್ಚಿ ಹಿಡಿದು, ನಾಲ್ಕು ಅಕ್ಷರವನ್ನು ಚಿತ್ರ ಬರೆದಂತೆ ಬರೆದು ರುಜು ಹಾಕಿದಳು. ಆಮೇಲೆ ಸೆರಗಿನ ಗಂಟಿಗೆ ಕೈ ಹಾಕಿ, “ಒಂದು ಮಾತು ಕೇಳಾದಿತ್ತು ಅಮ್ಮಾರೆ,” ಎಂದಳು. ಹಿಂದೆ ಜನ ನಿಂತಿದ್ದರು. ಒಬ್ಬ ವಕೀಲರು ಗಡಿಯಾರ ನೋಡುತ್ತಿದ್ದರು. “ಹಿಂದೆ ಜನ ಇದ್ದಾರಮ್ಮ,” ಎಂದೆ, ಸ್ವಲ್ಪ ಜೋರಾಗಿಯೇ. ನನಗೆ ಬೇಗ ಸಿಟ್ಟು ಬರುತ್ತದೆ, ಅದು ಮನೆಯವರಿಗೂ ಗೊತ್ತು. ಆಕೆ ಗಂಟು ಬಿಚ್ಚದೆ ಪಕ್ಕಕ್ಕೆ ಸರಿದಳು. “ಇನ್ನೊಂದ್ಸಲ ಬರ್ತೀನಿ ಬಿಡ್ರಿ,” ಎಂದು ನಗುತ್ತಲೇ ಹೋದಳು.

ಆ ತುಂಡಿನ ಬಗ್ಗೆ ಬೇರೆ ಯಾರೂ ಏನೂ ಹೇಳಲಿಲ್ಲ. ಯೋಜನೆ ಅಂತಿಮವಾಗಿ ಮಂಜೂರಾಗಿ ಬಂತು.

ಒಂದು ವರ್ಷದ ಮೇಲೆ, ಮತ್ತೆ ಮುಂಗಾರಿನಲ್ಲಿ, ಸಿರಿಯಮ್ಮ ಬಂದಳು. ಈ ಸಲ ಜೊತೆಯಲ್ಲಿ ಕ್ಯಾತಪ್ಪನೂ ಇದ್ದ. ಎತ್ತರದ ಆಳು, ಆದರೆ ನಮ್ಮ ಹದಿನಾಲ್ಕು ಮೆಟ್ಟಿಲು ಹತ್ತುವುದಕ್ಕೆ ಮೂರು ಕಡೆ ನಿಂತಿದ್ದನಂತೆ. ಎದುರಿಗೆ ಕೂತಮೇಲೂ ಎದೆ ಸಿಳ್ಳೆ ಹೊಡೆದಂತೆ ಸದ್ದು ಮಾಡುತ್ತಿತ್ತು. ಚಿತ್ರದುರ್ಗದ ದೊಡ್ಡಾಸ್ಪತ್ರೆಯಲ್ಲಿ ತೋರಿಸಿದ್ದರು. ಇನ್ನು ಮಂದೆ ಹಿಂದೆ ತಿರುಗಕೂಡದು, ಬಯಲಲ್ಲಿ ಮಲಗಕೂಡದು, ಒಂದು ಮನೆಯೊಳಗೆ ಬೆಚ್ಚಗೆ ಇರಬೇಕು ಎಂದು ಡಾಕ್ಟರು ಹೇಳಿದ್ದರು. ಹಟ್ಟಿಯ ಹಳೇ ಮನೆ ಪಾಲಿನಲ್ಲಿ ಅಣ್ಣನಿಗೆ ಹೋಗಿ ಬಹಳ ವರ್ಷವಾಗಿತ್ತು. ಇವರಿಗೆ ಉಳಿದಿದ್ದು ಆ ಹೊಲವೊಂದೇ. ಮನೆ ಕಟ್ಟುವುದಕ್ಕೆ ಲೈಸೆನ್ಸ್ ಕೇಳಿ ಅರ್ಜಿ ಹಾಕಿದ್ದರು. ಅದು ಉದ್ಯಾನಕ್ಕೆ ಕಾಯ್ದಿರಿಸಿದ ಜಾಗ, ಕೊಡಲು ಬರುವುದಿಲ್ಲ ಎಂಬ ಹಿಂಬರಹ ಕೈಗೆ ಬಂದಿತ್ತು.

ಸಿರಿಯಮ್ಮ ಸೆರಗಿನ ಗಂಟು ಬಿಚ್ಚಿ ಕಾಗದವನ್ನು ಮೇಜಿನ ಮೇಲಿಟ್ಟಳು. ನೋಟ್‌ಬುಕ್ಕಿನ ಹಾಳೆಯ ಮೇಲೆ ಗಾರೆ ಮೇಸ್ತ್ರಿಯೊಬ್ಬರು ಪೆನ್ಸಿಲ್‌ನಲ್ಲಿ ಬರೆದುಕೊಟ್ಟ ಮನೆ ನಕ್ಷೆ. ಒಂದು ಪಡಸಾಲೆ, ಒಂದು ಕೋಣೆ, ಅಡುಗೆಮನೆ, ಬಚ್ಚಲು. ಕೋಣೆಯ ಕಿಟಕಿ ರೊಪ್ಪದ ಕಡೆಗೆ. ಮಡಿಕೆಯಲ್ಲಿ ಹಾಳೆ ಹರಿದುಹೋಗಿತ್ತು. ಒಂದು ವರ್ಷದ ಹಿಂದೆ ಆಕೆ ಕೇಳಬೇಕೆಂದಿದ್ದ ಒಂದು ಮಾತು ಇದೇ ಎಂದು ಆಗ ನನಗೆ ಅರ್ಥವಾಯಿತು.

ನಾನು ಕಡತ ತರಿಸಿದೆ. ನನ್ನನ್ನು ಕಾಪಾಡಿಕೊಳ್ಳುವುದಕ್ಕೇ ತರಿಸಿದೆ, ಅದನ್ನೇಕೆ ಮುಚ್ಚಿಡಲಿ? ಆಕೆಯ ರುಜು ತೋರಿಸಿ, “ನೀವೇ ತಕರಾರಿಲ್ಲ ಅಂದಿದ್ದಿರಲ್ಲಮ್ಮ,” ಎಂದೆ.

“ಹೂಂ, ನನ್ನ ರುಜುನೇ,” ಎಂದಳು ಸಿರಿಯಮ್ಮ. ಅವಳಿಗೆ ನನ್ನ ಮೇಲೆ ಕೋಪವಿರಲಿಲ್ಲ, ಗೊಂದಲವಿತ್ತು. “ತಕರಾರು ಇಲ್ವಲ್ಲ ಅಮ್ಮಾರೆ. ಮನೆ ಕಟ್ತೀವಿ ಅಂದ್ರೆ ತಕರಾರು ಹೆಂಗಾಯ್ತದೆ?”

ಕ್ಯಾತಪ್ಪ ಉಸಿರು ಕೂಡಿಸಿಕೊಂಡು ವಿವರಿಸಿದ. ಮಂದೆ ಯಾರದೋ ಬೆಳೆಗೆ ನುಗ್ಗಿದರೆ ತಕರಾರು. ತಕರಾರಾದರೆ ಕುರಿಗಳನ್ನು ಕಟ್ಟಿಹಾಕುತ್ತಾರೆ, ಪಂಚಾಯ್ತಿ ಸೇರುತ್ತದೆ. “ಒಂದ್ಸಲ ತಕರಾರಿನ ಮಂದಿ ಅಂತ ಹೆಸರು ಬಂದ್ರೆ ಮುಗೀತು ಅಮ್ಮಾರೆ. ಯಾವ ರೈತನೂ ಹೊಲಕ್ಕೆ ಕರೆಯಾಕಿಲ್ಲ. ಅದಕ್ಕೇ ನಾವು ಆ ಮಾತು ಬಾಯಾಗೂ ಆಡಾಕಿಲ್ಲ.”

ರುದ್ರೇಶಪ್ಪ ತಲೆ ತಗ್ಗಿಸಿ ಕೂತಿದ್ದರು. ಪದ ಬಳಸಿದ್ದು ಅವರು, ಆದರೆ ಬರೆದುಕೊಂಡವಳು ನಾನು. ಕಾನೂನಿನ ಭಾಷೆಯಲ್ಲಿ ತಕರಾರು ಎಂದರೆ ಪ್ರಜೆಯ ಹಕ್ಕು. ಈ ಗಂಡಹೆಂಡತಿಗೆ ಅದು ಮನೆತನದ ಮರ್ಯಾದೆ ಹೋಗುವ ಮಾತು. ನಾನು ಅವರ ಹಕ್ಕು ಕೇಳಿದ್ದೆ, ಅವರು ತಮ್ಮ ಮರ್ಯಾದೆ ಹೇಳಿಕೊಂಡಿದ್ದರು.

ಎದ್ದು ಹೋಗುವಾಗ ಸಿರಿಯಮ್ಮ ಬಾಗಿಲಲ್ಲಿ ತಿರುಗಿ, “ನೀವು ಒಳ್ಳೇದು ಅಂದಿದ್ರಲ್ಲ ಅಮ್ಮಾರೆ,” ಎಂದಳು. ಅಷ್ಟೇ ಅಂದಳು. ಅವತ್ತು ಊಟದ ಡಬ್ಬಿ ತೆರೆದವಳು ಹಾಗೇ ಮುಚ್ಚಿದೆ.

ಮರುದಿನ ಆ ಹೊಲಕ್ಕೆ ಹೋದೆ. ರೊಪ್ಪದ ತುಂಬ ಕುರಿ, ಮರಿಗಳ ಗಲಾಟೆ. ಮೂಲೆಯ ಕಲ್ಲುಗಳನ್ನು ಈ ಸಲ ಹತ್ತಿರದಿಂದ ನೋಡಿದೆ. ಹೊಲದಿಂದ ಆರಿಸಿಹಾಕಿದ ಕಲ್ಲಲ್ಲ ಅವು. ಬುನಾದಿಗೆಂದು ಒಡೆಸಿದ ಸೈಜುಗಲ್ಲು, ಅಳತೆಯಲ್ಲಿ ಒಂದೇ ಸಮ, ನೀಟಾಗಿ ಜೋಡಿಸಿಟ್ಟಿದ್ದರು. ಹಿರೇಗುಂಟನೂರು ಕಡೆ ಒಬ್ಬರ ಕ್ವಾರಿಯಿತ್ತಂತೆ. ಪ್ರತಿ ವರ್ಷ ಅವರ ಹೊಲದಲ್ಲಿ ಮಂದೆ ನಿಲ್ಲಿಸುವುದು, ಬದಲಿಗೆ ಅವರು ಒಂದಿಷ್ಟು ಕಲ್ಲು ಕೊಡುವುದು. ಹನ್ನೊಂದು ವರ್ಷ ಹಾಗೆ ಕೂಡಿಸಿದ್ದರು. ಮಂಜುನಾಥನ ನಕ್ಷೆಯಲ್ಲಿ ಇವು ಇರಲಿಲ್ಲ, ಕಲ್ಲಿಗೆ ನಮ್ಮಲ್ಲಿ ಬಣ್ಣವಿಲ್ಲ. ಊರಿನ ಮುಂದಾಲೋಚನೆ ಮಾಡುವವರು ನಾವೊಬ್ಬರೇ ಎಂದು ನಾನು ತಿಳಿದಿದ್ದೆ. ನಮ್ಮ ಯೋಜನೆಗೆ ಹಿಡಿದದ್ದು ಎರಡು ವರ್ಷ. ಇವರದು ಹನ್ನೊಂದು ವರ್ಷದ ಯೋಜನೆ. ಅದನ್ನು ನೋಡದೆ ನಾನು ಅದರ ಮೇಲೆ ಬಣ್ಣ ಬಳಿದಿದ್ದೆ.

ಮಂಜೂರಾದ ಯೋಜನೆಯಲ್ಲಿ ಒಂದು ತುಂಡಿನ ಬಣ್ಣ ಬದಲಿಸುವುದನ್ನು ಭೂಬಳಕೆ ಬದಲಾವಣೆ ಎನ್ನುತ್ತಾರೆ. ಅರ್ಜಿ, ಸ್ಥಳ ತನಿಖೆ, ಮತ್ತೊಂದು ಪ್ರಕಟಣೆ, ಸಭೆ, ಸರ್ಕಾರದ ಅನುಮೋದನೆ. ಅರ್ಜಿಯನ್ನು ನಾನೇ ಬರೆದುಕೊಟ್ಟೆ. ಕಾಯ್ದಿರಿಸಿದ ಜಾಗವನ್ನು ಐದು ವರ್ಷದೊಳಗೆ ಸ್ವಾಧೀನ ಮಾಡಿಕೊಳ್ಳದಿದ್ದರೆ ಆ ಕಾಯ್ದಿರಿಸುವಿಕೆ ತಾನಾಗಿಯೇ ರದ್ದಾಗುತ್ತದಲ್ಲ, ಕಾಯಲಿ ಬಿಡಿ ಎಂದರು ಮೇಲಿನ ಅಧಿಕಾರಿಯೊಬ್ಬರು. ಅವರ ಮಾತು ಕಾನೂನಿನ ಪ್ರಕಾರ ಸರಿಯಾಗಿಯೇ ಇತ್ತು. “ಸರ್, ಆ ಮನುಷ್ಯನಿಗೆ ಮೆಟ್ಟಿಲು ಹತ್ತಲು ಉಸಿರಿಲ್ಲ,” ಎಂದೆ. ಮೆಟ್ಟಿಲು ಹತ್ತುವ ವಿಷಯ ಕಡತದಲ್ಲಿ ಇರಲಿಲ್ಲ. ಹಸಿರು ಕಡಿಮೆ ಮಾಡುವ ಪ್ರಸ್ತಾವ ಎಂದರೆ ಎಲ್ಲರಿಗೂ ಅನುಮಾನ. ಒಬ್ಬರಂತೂ, ಕಲರ್ ಮೇಡಂ ಯಾರಿಗೋ ಅನುಕೂಲ ಮಾಡಿಕೊಡುತ್ತಿದ್ದಾರೆ ಎಂದು ಆಡಿಕೊಂಡರು. ಬೇರೆ ದಿನವಾಗಿದ್ದರೆ ಜಗಳ ತೆಗೆಯುತ್ತಿದ್ದೆ. ಅವತ್ತು ನುಂಗಿಕೊಂಡೆ.

ಕಡತ ಮೇಜಿಂದ ಮೇಜಿಗೆ ಹೋಗುತ್ತಿದ್ದಾಗ ಸುಗ್ಗಿ ಮುಗಿಯಿತು. ಮಂದೆ ಹೊರಡಬೇಕು. ಸಿರಿಯಮ್ಮನೂ ಮಂದೆ ಕಾಯಲು ಜೊತೆಗಿದ್ದ ಅವಳ ತಮ್ಮನೂ ಹೋಗದೆ ವಿಧಿಯಿಲ್ಲ. ಕ್ಯಾತಪ್ಪನನ್ನು ಆ ತಗಡಿನ ಶೆಡ್ಡಿನಲ್ಲಿ ಒಬ್ಬನನ್ನೇ ಬಿಟ್ಟುಹೋಗುವುದು ಹೇಗೆ? ಅವನೂ ಹೊರಟ. ಹೊರಡುವ ಮುಂಚೆ ಸಿರಿಯಮ್ಮ ಕಚೇರಿಗೆ ಬಂದು ಕೇಳಿದಳು, “ಆಯ್ತೇನ್ರಿ ಅಮ್ಮಾರೆ?”

“ಇನ್ನೂ ಇಲ್ಲ. ಬರುವಷ್ಟರಲ್ಲಿ ಆಗುತ್ತದೆ,” ಎಂದೆ.

ಆ ವರ್ಷ ಆಗಲಿಲ್ಲ. ಅದೇ ಪ್ರಶ್ನೆ, ಅದೇ ಉತ್ತರ ಮರುವರ್ಷವೂ ನಡೆಯಿತು. ಆ ಎರಡನೇ ಸಲ ಹೋದ ಕ್ಯಾತಪ್ಪ ನಡೆದುಕೊಂಡು ವಾಪಸು ಬರಲಿಲ್ಲ. ಚಾನಲ್ ಏರಿಯ ಮೇಲೆ, ಒಂದು ಬೆಳಗ್ಗೆ, ಕಂಬಳಿ ಹೊದ್ದು ಕೂತವನು ಕೂತಂತೆಯೇ ಹೋಗಿಬಿಟ್ಟಿದ್ದ. ಟೆಂಪೊದಲ್ಲಿ ಊರಿಗೆ ತಂದರಂತೆ. ಈ ಸುದ್ದಿ ಆಗ ನನಗೆ ತಿಳಿಯಲೇ ಇಲ್ಲ. ನಾನಾಗಲೇ ಬೇರೆ ಪಟ್ಟಣಕ್ಕೆ ವರ್ಗವಾಗಿದ್ದೆ, ಆದರೂ ಆ ಕಡತದ ಬೆನ್ನು ಬಿಟ್ಟಿರಲಿಲ್ಲ.

ಆದೇಶ ಬಂದದ್ದು ಅದಾದ ಎರಡು ತಿಂಗಳಿಗೆ. ರುದ್ರೇಶಪ್ಪ ಫೋನ್ ಮಾಡಿದರು. ಅವರಿಗೂ ಕ್ಯಾತಪ್ಪನ ಸಂಗತಿ ಗೊತ್ತಿರಲಿಲ್ಲ. ಅಂಚೆಯಲ್ಲಿ ಕಳಿಸಬೇಡಿ, ನಾನೇ ಕೊಡುತ್ತೇನೆ ಎಂದು ರಜೆ ಹಾಕಿ ಬಸ್ ಹತ್ತಿದೆ. ನನಗೆ ಕ್ಯಾತಪ್ಪನ ಮುಖ ನೋಡಬೇಕಿತ್ತು. ದಾರಿಯುದ್ದಕ್ಕೂ ಕಾಗದವನ್ನು ಎರಡು ಮೂರು ಸಲ ತೆಗೆದು ಓದಿದೆ. ‘ಉದ್ಯಾನ ವಲಯದಿಂದ ವಸತಿ ವಲಯಕ್ಕೆ’ ಎಂಬ ಸಾಲು ಓದಿದಾಗಲೆಲ್ಲ ಎದೆ ಹಗುರಾಗುತ್ತಿತ್ತು.

ಸಿರಿಯಮ್ಮ ರೊಪ್ಪದ ಬಾಯಿಗೆ ಮುಳ್ಳು ಕಟ್ಟುತ್ತಿದ್ದಳು. “ಬರ್ರಿ ಅಮ್ಮಾರೆ, ಕುಂತ್ಕಳ್ರಿ,” ಎಂದು ಕಂಬಳಿ ಹಾಸಿದಳು. ಕ್ಯಾತಪ್ಪ ಎಲ್ಲಿ ಎಂದು ಕೇಳುವ ಮೊದಲೇ ನನ್ನ ಕಣ್ಣು ಆ ಮೂಲೆಗೆ ಹೋಯಿತು. ಜೋಡಿಸಿಟ್ಟಿದ್ದ ಸೈಜುಗಲ್ಲು ಅಲ್ಲಿರಲಿಲ್ಲ. ಸ್ವಲ್ಪ ಈಚೆಗೆ, ಮೇಸ್ತ್ರಿಯ ಹಾಳೆಯಲ್ಲಿ ಪಡಸಾಲೆ ಬರಬೇಕಾಗಿದ್ದ ಕಡೆ, ಒಂದು ಸಮಾಧಿಯಿತ್ತು. ಅದೇ ಕಲ್ಲು. ಕಟ್ಟೆ ಕಟ್ಟಿ, ಉಳಿದಿದ್ದರಲ್ಲಿ ಸುತ್ತ ಮಂಡಿಯೆತ್ತರದ ಪೌಳಿ ಎಬ್ಬಿಸಿದ್ದರು, ಕುರಿ ಹತ್ತದಂತೆ.

ಹೇಗಾಯಿತು, ಎಲ್ಲಾಯಿತು ಎಂದು ಸಿರಿಯಮ್ಮನೇ ಹೇಳಿದಳು. ನಾನು ಕಾಗದ ಕೊಟ್ಟೆ. ಓದಿ ಹೇಳಿ ಎಂದಳು, ಓದಿದೆ.

“ಅಂದ್ರೆ ಇನ್ನ ಮನೆ ಕಟ್ಟಬೋದಾ?”

“ಕಟ್ಟಬಹುದು ಸಿರಿಯಮ್ಮ. ಯಾರೂ ತಡೆಯುವುದಿಲ್ಲ.”

ಆಕೆ ಪೌಳಿಯ ಕಡೆ ನೋಡಿದಳು. “ಕಲ್ಲು ಖಾಲಿ ಆದ್ವಲ್ಲ ಅಮ್ಮಾರೆ,” ಎಂದಳು.

ನಾನು ಅತ್ತೆ. ಸರ್ಕಾರಿ ಕೆಲಸದಲ್ಲಿ ಮೂವತ್ತು ವರ್ಷ ಕಳೆದವಳು ಒಬ್ಬರ ಹೊಲದಲ್ಲಿ ಕೂತು ಹಾಗೆ ಅಳಬಾರದು, ಆದರೂ ಅತ್ತೆ. ಆಕೆಯೇ ನನಗೆ ಚೊಂಬಿನಲ್ಲಿ ನೀರು ತಂದುಕೊಟ್ಟಳು.

ಅದಾದ ಮೇಲೆ ನಾನು ಇನ್ನೆರಡು ಪಟ್ಟಣಗಳ ಯೋಜನೆ ಮಾಡಿದೆ. ಸರ್ವೆಯನ್ನು ಬೇಸಿಗೆಯಲ್ಲೊಮ್ಮೆ, ಮಳೆಗಾಲದಲ್ಲೊಮ್ಮೆ, ಎರಡು ಸಲ ಮಾಡಿಸಿದೆ. ಖಾಲಿ ಎಂದು ಬರೆದ ಕಡೆಯೆಲ್ಲ ಪಹಣಿ ತೆಗೆಸಿ ಹೆಸರು ಹಿಡಿದು ಹುಡುಕಿಸಿದೆ. ವಿಚಾರಣೆಗೆ ಬಂದವರನ್ನು ತಕರಾರು ಇದೆಯಾ ಎಂದು ಒಮ್ಮೆಯೂ ಕೇಳಲಿಲ್ಲ. ಈ ನೆಲದಲ್ಲಿ ಮುಂದೆ ಏನು ಮಾಡಬೇಕೆಂದಿದ್ದೀರಿ ಎಂದು ಕೇಳಿ, ಸೆರಗಿನ ಗಂಟು ಬಿಚ್ಚುವವರೆಗೂ ಕಾದೆ. ನಗರ ಯೋಜನೆಯ ಯಾವ ಪುಸ್ತಕದಲ್ಲೂ ಈ ಪ್ರಶ್ನೆ ಇದ್ದದ್ದು ನನಗೆ ನೆನಪಿಲ್ಲ. ನನಗೆ ಅದನ್ನು ಕಲಿಸಿದ್ದು ಒಂದು ಸಮಾಧಿ.

ಅವತ್ತು ಹೊರಡುವ ಮುನ್ನ ಆದೇಶ ತಲುಪಿದ್ದಕ್ಕೆ ರುಜು ಹಾಕಿಸಿಕೊಳ್ಳಬೇಕಿತ್ತು. ಸಿರಿಯಮ್ಮ ಮುಂಚಿನಂತೆಯೇ ನಾಲಿಗೆ ಕಚ್ಚಿ ಹಿಡಿದು ನಾಲ್ಕು ಅಕ್ಷರ ಬರೆದಳು. ಪೆನ್ನು ವಾಪಸು ಕೊಡುತ್ತಾ, ನನ್ನ ಕೆಂಪಾದ ಕಣ್ಣು ನೋಡಿ ನನಗೇ ಸಮಾಧಾನ ಹೇಳುವಂತೆ, “ನಮ್ದೇನು ತಕರಾರಿಲ್ಲ ಅಮ್ಮಾರೆ, ಬರ್ಕಳ್ರಿ,” ಎಂದಳು.

ನಾನು ಬರೆದುಕೊಳ್ಳಲಿಲ್ಲ.